ಸಣ್ಣ ಕ್ಯಾಮೆರಾದಲ್ಲಿ ಕಂಬಳದ ಓಟವನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಬಯಲುಸೀಮೆಯವಳು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಕೆಲಸದ ನಿಮಿತ್ತ ಮೂಡುಬಿದಿರೆಗೆ ಬಂದ ಮೇಲೆ ಮೊದಲ ಬಾರಿಗೆ ಕಂಬಳವನ್ನು ಕಣ್ಣಾರೆ ಕಂಡೆ. ನಮ್ಮ ತಂದೆಯವರು ಹೋರಿ ಹಬ್ಬ ನೋಡಿಕೊಂಡೇ ಬೆಳೆದವರು. ಕೆಸರುಗದ್ದೆಯಲ್ಲಿ ಕೋಣಗಳು ಓಡುವ ರಭಸ ಎಂಥದ್ದೆಂಬುದನ್ನು ಅವರಿಗೆ ಒಂದು ಒಳ್ಳೆಯ ಚಿತ್ರದಲ್ಲಿ ತೋರಿಸಬೇಕೆಂಬ ಆಸೆ ನನ್ನದು.

ನನ್ನಲ್ಲಿರುವುದು ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ. ಅದರ ಸೆನ್ಸರ್ 1/2.3 ಇಂಚಿನದು, 12 ಮೆಗಾಪಿಕ್ಸೆಲ್‌ನದು. ಲೆನ್ಸ್‌ನ ಸುತ್ತ 3.3–5.9 ಎಂದು ಬರೆದಿದೆ. ಆಟೊ, ಪಿ, ಸ್ಪೋರ್ಟ್ಸ್ ಎಂಬ ಮೋಡ್‌ಗಳೂ ಒಂದರ ಹಿಂದೊಂದು ಚಿತ್ರ ತೆಗೆಯುವ ಬರ್ಸ್ಟ್ ಸೌಲಭ್ಯವೂ ಇವೆ. ಶಟರ್ ವೇಗವನ್ನು ನೇರವಾಗಿ ನಿಗದಿಪಡಿಸುವ ಮೋಡ್ ಇಲ್ಲ.

ತೊಂದರೆ ಹೀಗಿದೆ. ಕೋಣಗಳು ಎದುರಿಗೆ ಬಂದಾಗ ಗುಂಡಿ ಒತ್ತಿದರೆ, ಚಿತ್ರದಲ್ಲಿ ಬರೀ ಕದಡಿದ ನೀರು ಮತ್ತು ಅಂಚಿನಲ್ಲಿ ಒಂದು ಬಾಲದ ತುದಿ ಉಳಿದಿರುತ್ತದೆ. ಅಪರೂಪಕ್ಕೆ ಕೋಣಗಳು ಚೌಕಟ್ಟಿನೊಳಗೆ ಸಿಕ್ಕರೂ ಅವು ಕಪ್ಪು ಮಸಿ ಎಳೆದಂತೆ ಕಾಣುತ್ತವೆ, ಆದರೆ ಆಚೆ ಬದಿಯಲ್ಲಿ ನಿಂತ ಜನರ ಮುಖಗಳು ಸ್ಪಷ್ಟವಾಗಿರುತ್ತವೆ. ರಾತ್ರಿಯ ಚಿತ್ರಗಳಂತೂ ಕತ್ತಲು. ಫ್ಲ್ಯಾಶ್ ಬೆಳಗುವುದು ಮುಂದಿನ ಸಾಲಿನವರ ತಲೆಗಳನ್ನು ಮಾತ್ರ. ದೊಡ್ಡ ಕ್ಯಾಮೆರಾ ಕೊಳ್ಳದೆ ಬೇರೆ ದಾರಿಯೇ ಇಲ್ಲವೇ? ಸದ್ಯಕ್ಕೆ ಅದು ನನ್ನ ಶಕ್ತಿಗೆ ಮೀರಿದ್ದು. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಹಳೇ ಕ್ಯಾಮೆರಾ

ನಮಸ್ಕಾರ ಮೇಡಂ. ಹೊಸ ಕ್ಯಾಮೆರಾ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಮೊದಲ ಎರಡು ತೊಂದರೆಗಳು ಒಂದೇ ಬಗೆಯವಲ್ಲ. ಅವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ಕೋಣಗಳು ಚೌಕಟ್ಟಿನಿಂದ ತಪ್ಪಿಹೋಗುವುದಕ್ಕೆ ಕ್ಯಾಮೆರಾ ತಡಮಾಡುವುದು ಕಾರಣ. ಮಸಿಯಂತೆ ಅಲುಗಿ ಬರುವುದಕ್ಕೆ ಶಟರ್ ಹೆಚ್ಚು ಹೊತ್ತು ತೆರೆದಿರುವುದು ಕಾರಣ.

ಮೊದಲು ವೇಗದ ಅಂದಾಜು ಇರಲಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ನಿಮಗೆ ನೆನಪಿರಬಹುದು. ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಎಲ್ಲ ಜೋಡಿಗಳೂ ಅಷ್ಟು ವೇಗವಾಗಿ ಓಡುವುದಿಲ್ಲವಾದರೂ ಲೆಕ್ಕಕ್ಕೆ ಇದನ್ನೇ ಇಟ್ಟುಕೊಳ್ಳೋಣ. ಈ ಬಗೆಯ ಕ್ಯಾಮೆರಾಗಳಲ್ಲಿ ಗುಂಡಿಯನ್ನು ಒಮ್ಮೆಲೇ ಪೂರ್ತಿ ಒತ್ತಿದಾಗ, ಒಳಗಿನ ಲೆನ್ಸ್ ಹಿಂದೆ ಮುಂದೆ ಸರಿಯುತ್ತ, ಚಿತ್ರ ಎಲ್ಲಿ ಅತ್ಯಂತ ಸ್ಪಷ್ಟವಾಗಿದೆ ಎಂದು ಹುಡುಕಿ, ಆಮೇಲೆ ಶಟರ್ ತೆರೆಯುತ್ತದೆ. ಈ ಹುಡುಕಾಟಕ್ಕೆ ಅರ್ಧ ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಕೋಣಗಳು ಐದು ಮೀಟರ್ ಮುಂದೆ ಹೋಗಿರುತ್ತವೆ. ನಿಮಗೆ ಬಾಲದ ತುದಿ ಮಾತ್ರ ಸಿಗುವುದು ಇದರಿಂದಲೇ.

ಇದಕ್ಕೆ ಉಪಾಯ ಗುಂಡಿಯಲ್ಲೇ ಇದೆ. ಕೋಣಗಳು ಬರುವುದಕ್ಕೆ ಮೊದಲೇ, ಅವು ಹಾದುಹೋಗುವ ಜಾಗವನ್ನು ಅಥವಾ ಅಷ್ಟೇ ದೂರದಲ್ಲಿರುವ ಕಂಬವನ್ನೋ ಕರೆಯ (ಓಟ ನಡೆಯುವ ಕೆಸರುಗದ್ದೆಯ) ಅಂಚನ್ನೋ ಗುರಿಯಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ಹಸಿರು ಗುರುತು ಬಂದು ‘ಬೀಪ್’ ಎಂದರೆ ಫೋಕಸ್ ಮತ್ತು ಬೆಳಕಿನ ಅಳತೆ ಎರಡೂ ನಿಗದಿಯಾದವೆಂದು ಅರ್ಥ. ಬೆರಳನ್ನು ಸಡಿಲಿಸದೆ ಹಾಗೆಯೇ ಕಾಯಿರಿ. ಕೋಣಗಳ ಮೂತಿ ನೀವು ಅಂದುಕೊಂಡ ಜಾಗವನ್ನು ಮುಟ್ಟುವುದಕ್ಕೆ ತುಸು ಮೊದಲೇ ಉಳಿದರ್ಧ ಒತ್ತಿ. ಆಗ ಹುಡುಕಾಟದ ಹೊತ್ತು ಪೂರ್ತಿ ಉಳಿತಾಯವಾಗುತ್ತದೆ. ಉಳಿಯುವ ತಡ ತೀರಾ ಕಡಿಮೆ, ಅದೂ ಪ್ರತಿ ಸಲ ಒಂದೇ ಸಮನಾಗಿರುತ್ತದೆ. ತಡ ಒಂದೇ ಸಮನಾಗಿದ್ದರೆ ಬೆರಳು ಅದಕ್ಕೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ.

ಇಲ್ಲಿ ನಿಮ್ಮ ಸಣ್ಣ ಕ್ಯಾಮೆರಾಕ್ಕೆ ದೊಡ್ಡ ಕ್ಯಾಮೆರಾಕ್ಕಿಲ್ಲದ ಒಂದು ಅನುಕೂಲವಿದೆ, ಅದನ್ನು ನಾನು ಒತ್ತಿ ಹೇಳಬೇಕು. ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸ್‌ನ ನಾಭಿದೂರ ಕಡಿಮೆಯಿರುತ್ತದೆ, ಆದ್ದರಿಂದ ಸ್ಪಷ್ಟವಾಗಿ ಮೂಡುವ ವಲಯ ಬಹಳ ಆಳವಾಗಿರುತ್ತದೆ. ಸುಮಾರು ಎರಡು ಪಟ್ಟು ಜೂಮ್ ಇಟ್ಟು 15 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ನಾಲ್ಕು ಮೀಟರ್ ಆಚೆಗಿರುವುದೆಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಅಂದರೆ ಕೋಣಗಳು ನಿಮ್ಮ ಲೆಕ್ಕಕ್ಕಿಂತ ಎರಡು ಮೀಟರ್ ಈಚೆ ಬಂದರೂ ಚಿತ್ರ ಕೆಡುವುದಿಲ್ಲ. ಓಡುವುದನ್ನು ಬೆನ್ನಟ್ಟಿ ಫೋಕಸ್ ಮಾಡುವ ಶಕ್ತಿ ನಿಮ್ಮ ಕ್ಯಾಮೆರಾಕ್ಕಿಲ್ಲ, ನಿಜ. ಆದರೆ ಓಡುವುದು ತಾನಾಗಿಯೇ ಬರುವ ಜಾಗದಲ್ಲಿ ಮೊದಲೇ ಸಿದ್ಧವಾಗಿ ಕಾಯಲು ಅದು ಧಾರಾಳವಾಗಿ ಸಾಕು.

ಇನ್ನು ಅಲುಗುವಿಕೆ. 15 ಮೀಟರ್ ದೂರದಲ್ಲಿ ಇಷ್ಟೇ ಜೂಮ್‌ನಲ್ಲಿ ನಿಮ್ಮ ಚೌಕಟ್ಟಿನ ಅಗಲ ಸುಮಾರು 11 ಮೀಟರ್, ಚಿತ್ರದ ಅಗಲ 4000 ಪಿಕ್ಸೆಲ್. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಆ ಹೊತ್ತಿನಲ್ಲಿ ಕೋಣ 17 ಸೆಂಟಿಮೀಟರ್ ಮುಂದೆ ಹೋಗುತ್ತದೆ, ಚಿತ್ರದಲ್ಲಿ ಅದು ಅರವತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳ ಉದ್ದಕ್ಕೆ ಒರೆಸಿದಂತಾಗುತ್ತದೆ. 1/500ರಲ್ಲಿ ಅದು ಎರಡು ಸೆಂಟಿಮೀಟರ್‌ಗೆ, ಅಂದರೆ ಎಂಟು ಪಿಕ್ಸೆಲ್‌ಗೆ ಇಳಿಯುತ್ತದೆ. ಅಂಚೆ ಕಾರ್ಡಿನ ಗಾತ್ರದ ಮುದ್ರಣದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. 1/1000 ಸಿಕ್ಕರೆ ಹಾರುವ ಕೆಸರಿನ ಹನಿಗಳೂ ಗುಂಡಗೆ ನಿಲ್ಲುತ್ತವೆ. ಕ್ಯಾಮೆರಾದಲ್ಲಿರುವ ಸ್ಟೆಬಿಲೈಸೇಶನ್ ಇದಕ್ಕೆ ನೆರವಾಗುವುದಿಲ್ಲ. ಅದು ನಿಮ್ಮ ಕೈಯ ನಡುಕವನ್ನು ಸರಿಪಡಿಸುತ್ತದೆಯೇ ಹೊರತು ಕೋಣದ ಓಟವನ್ನಲ್ಲ. ಹಿಂದಿನ ಜನರು ಸ್ಪಷ್ಟವಾಗಿದ್ದು ಕೋಣಗಳು ಮಾತ್ರ ಅಲುಗಿರುವುದೇ ಅದಕ್ಕೆ ಸಾಕ್ಷಿ.

ನಿಮ್ಮಲ್ಲಿ ಶಟರ್ ಮೋಡ್ ಇಲ್ಲದಿದ್ದರೂ ಪಿ ಮೋಡ್‌ನಲ್ಲಿ ಐಎಸ್‌ಒ ಅನ್ನು, ಅಂದರೆ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವನ್ನು, ಕೈಯಾರೆ ಏರಿಸಬಹುದು. ಅದನ್ನು ಏರಿಸಿದಷ್ಟೂ ಶಟರ್ ತಾನಾಗಿ ವೇಗ ಪಡೆಯುತ್ತದೆ. ಚೆನ್ನಾದ ಬಿಸಿಲಿನಲ್ಲಿ ಲೆನ್ಸ್‌ನ ರಂಧ್ರದ ಅಳತೆ ಎಫ್ 5.6 ಇದ್ದರೆ (ಈ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು) ಐಎಸ್‌ಒ 100ರಲ್ಲೇ ಸುಮಾರು 1/800 ಸಿಗುತ್ತದೆ. ಮೋಡ ಕವಿದಿದ್ದರೆ ಅದು 1/100ಕ್ಕೆ ಕುಸಿಯಬಹುದು, ಆಗ ಐಎಸ್‌ಒ 800ಕ್ಕೆ ಏರಿಸಿದರೆ ಮತ್ತೆ 1/800. ಚಿತ್ರದಲ್ಲಿ ಸ್ವಲ್ಪ ಮರಳು ಮರಳಾದ ಕಣಗಳು ಕಾಣಿಸಬಹುದು. ಕಾಣಿಸಲಿ. ಕಣಗಳಿರುವ ಸ್ಪಷ್ಟ ಚಿತ್ರವನ್ನು ತಂದೆಯವರು ಸಂತೋಷದಿಂದ ನೋಡುತ್ತಾರೆ. ಸ್ಪೋರ್ಟ್ಸ್ ಮೋಡ್ ಸಹ ಇದೇ ಕೆಲಸವನ್ನು ತನ್ನಷ್ಟಕ್ಕೆ ಮಾಡುತ್ತದೆ, ಆದರೆ ಎಷ್ಟು ಏರಿಸಬೇಕೆಂಬ ನಿರ್ಧಾರ ನಿಮ್ಮ ಕೈಯಲ್ಲಿರುವುದಿಲ್ಲ.

ಜೂಮ್ ಬಗ್ಗೆಯೂ ಒಂದು ಮಾತು. ನಿಮ್ಮ ಲೆನ್ಸ್‌ನ ಮೇಲಿನ 3.3–5.9 ಎಂಬುದು, ಜೂಮ್ ಮಾಡದಿದ್ದಾಗ 3.3ರಷ್ಟು ತೆರೆಯುವ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ 5.9ರಷ್ಟು ಮಾತ್ರ ತೆರೆಯುತ್ತದೆ ಎಂಬ ಸೂಚನೆ. ಹಾಗೆ ಮಾಡಿದರೆ ಒಳಬರುವ ಬೆಳಕು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಜೂಮ್ ಕಡಿಮೆ ಮಾಡಿ, ನಿಮಗೆ ಅನುಮತಿಯಿರುವಷ್ಟು ಹತ್ತಿರ ಹೋಗಿ.

ಉತ್ತರ: ಕಾರ್ಕಳದವ

ಮೇಲಿನವರು ಕ್ಯಾಮೆರಾದ ವಿಷಯವನ್ನು ಚೆನ್ನಾಗಿ ತಿಳಿಸಿದ್ದಾರೆ. ನಾನು ಕಂಬಳದ ಕಡೆಯಿಂದ ಹೇಳುತ್ತೇನೆ, ಏಕೆಂದರೆ ಎಲ್ಲಿ ನಿಲ್ಲಬೇಕು, ಯಾವ ಓಟಕ್ಕೆ ಕಾಯಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಅಕ್ಕ, ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಹೊಸದಾಗಿ ಚಿತ್ರ ತೆಗೆಯುವವರು ಕನೆಹಲಗೆಯಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದರಲ್ಲಿ ಓಟಗಾರನು ತೂತುಗಳಿರುವ ಹಲಗೆಯ ಮೇಲೆ ಕಾಲೂರಿ ನಿಂತಿರುತ್ತಾನೆ. ಕೋಣಗಳು ಹಲಗೆಯನ್ನು ಎಳೆದುಕೊಂಡು ಓಡುವಾಗ ಆ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಇಲ್ಲಿ ನಿರ್ಣಯವಾಗುವುದು ವೇಗವಲ್ಲ, ನೀರಿನ ಎತ್ತರ. ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಬೇಕು, ಆರೂವರೆ ಕೋಲು ಅಥವಾ ಏಳೂವರೆ ಕೋಲು ಎಂದು ಅದನ್ನು ಅಳೆಯುತ್ತಾರೆ. ನಿಮಗೆ ಇದರಿಂದಾಗುವ ಉಪಯೋಗವನ್ನು ಗಮನಿಸಿ: ಆ ಓಟದ ಅತ್ಯುತ್ತಮ ಕ್ಷಣ ಎಲ್ಲಿ ನಡೆಯುತ್ತದೆ ಎಂಬುದು ಓಟಕ್ಕೆ ಮುಂಚೆಯೇ ನಿಮಗೆ ಗೊತ್ತಿರುತ್ತದೆ. ನಿಶಾನೆ ಕಟ್ಟಿದ ಜಾಗಕ್ಕೆ ಫೋಕಸ್ ಮಾಡಿ, ಗುಂಡಿ ಅರ್ಧ ಒತ್ತಿ, ಕೆಳಗೆ ಕೋಣಗಳಿಗೂ ಮೇಲೆ ನೀರಿಗೂ ಜಾಗ ಬಿಟ್ಟು ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಕಾಯಬಹುದು. ಮೇಲಕ್ಕೇರಿದ ನೀರು ತುತ್ತತುದಿಯಲ್ಲಿ ಒಂದು ಕ್ಷಣ ನಿಧಾನವಾಗುವುದರಿಂದ, ಅಲ್ಲಿ ಶಟರ್ ವೇಗ ಸ್ವಲ್ಪ ಕಡಿಮೆಯಾದರೂ ನೀರಿನ ಆಕಾರ ಉಳಿಯುತ್ತದೆ.

ಸೂರ್ಯ ಎಲ್ಲಿದ್ದಾನೆ ಎಂಬುದನ್ನೂ ನೋಡಿಕೊಳ್ಳಿ. ಬಿಸಿಲು ನೀರಿನ ಹಿಂದಿನಿಂದ, ಓರೆಯಾಗಿ ಬರುವ ಬದಿಯಲ್ಲಿ ನಿಂತರೆ ಪ್ರತಿ ಹನಿಯೂ ಹೊಳೆಯುತ್ತದೆ. ಬಿಸಿಲು ನಿಮ್ಮ ಬೆನ್ನ ಹಿಂದಿದ್ದರೆ ಕೋಣಗಳ ಮೈಯ ಸ್ನಾಯುಗಳೂ ಓಟಗಾರನ ಮುಖವೂ ಚೆನ್ನಾಗಿ ಕಾಣುತ್ತವೆ. ಎರಡೂ ಬೇಕು, ಆದರೆ ಎರಡೂ ಒಂದೇ ಜಾಗದಲ್ಲಿ ಸಿಗುವುದಿಲ್ಲ.

ಹಗ್ಗ ಮತ್ತು ನೇಗಿಲಿನ ಓಟಗಳಿಗೆ ಕರೆಯ ಮಧ್ಯಭಾಗಕ್ಕಿಂತ ಮಂಜೊಟ್ಟಿಯ ಕಡೆ, ಅಂದರೆ ಓಟ ಮುಗಿಯುವ ತುದಿಯ ಕಡೆ, ಬೇಲಿಯ ಹೊರಗೆ ಓರೆಯಾಗಿ ನಿಲ್ಲುವುದು ಲೇಸು. ಅಡ್ಡಲಾಗಿ ಹಾಯುವ ಕೋಣಗಳಿಗಿಂತ ನಿಮ್ಮ ಕಡೆಗೆ ಬರುವ ಕೋಣಗಳು ಚೌಕಟ್ಟಿನೊಳಗೆ ಬಹಳ ಕಡಿಮೆ ಸರಿಯುತ್ತವೆ, ಆದ್ದರಿಂದ ಅಲುಗುವಿಕೆಯೂ ಕಡಿಮೆ. ಜೊತೆಗೆ ಕೋಣಗಳ ಕಣ್ಣು, ಓಟಗಾರನ ಎತ್ತಿದ ಕೈ, ಎರಡೂ ಒಟ್ಟಿಗೆ ಸಿಗುತ್ತವೆ. ಆದರೆ ಮಂಜೊಟ್ಟಿಯ ನೇರ ಎದುರಿಗೆ ಯಾವ ಕಾರಣಕ್ಕೂ ನಿಲ್ಲಬೇಡಿ. ಕೋಣಗಳನ್ನು ಹಿಡಿದು ನಿಲ್ಲಿಸುವವರು ಅಲ್ಲಿರುತ್ತಾರೆ. ಅವರ ಕೆಲಸಕ್ಕೆ ಅಡ್ಡಿಯಾಗಬಾರದು, ನಿಮಗೂ ಅಪಾಯ. ಪರದೆಯನ್ನೇ ನೋಡುತ್ತ ನಿಂತವರಿಗೆ ಕೋಣಗಳು ಎಷ್ಟು ಹತ್ತಿರ ಬಂದಿವೆ ಎಂಬುದು ತಿಳಿಯುವುದಿಲ್ಲ.

ಇನ್ನೊಂದು ವಿಷಯ: ಕಂಬಳ ಹಗಲಿನಲ್ಲಿ ಆರಂಭವಾಗಿ ರಾತ್ರಿಯಿಡೀ ನಡೆದು ಮರುದಿನದವರೆಗೂ ಮುಂದುವರಿಯುವುದುಂಟು. ಹೊರಗಿನಿಂದ ಬರುವವರು ಸಾಮಾನ್ಯವಾಗಿ ಸಂಜೆ ಬಂದು ರಾತ್ರಿಯ ದೀಪಗಳಲ್ಲಿ ಚಿತ್ರ ತೆಗೆಯಲು ಕಷ್ಟಪಡುತ್ತಾರೆ. ನೀವು ಮೊದಲ ದಿನದ ಹಗಲಿನ ಓಟಗಳಿಗೆ ಬನ್ನಿ. ಅಂತಿಮ ಸ್ಪರ್ಧೆ ಅಲ್ಲದಿರಬಹುದು, ಆದರೆ ಕೋಣಗಳು ಅವೇ, ನೀರು ಅದೇ, ಬೆಳಕು ಮಾತ್ರ ನೂರಾರು ಪಟ್ಟು ಹೆಚ್ಚು.

ಉತ್ತರ: ಕರಾವಳಿ ಕಣ್ಣು

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಯಾರೂ ಹೇಳದ ಒಂದು ಮುಖ್ಯ ವಿಷಯ ಕೋಣದ ಬಣ್ಣ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನೆದುರಿಗಿರುವುದೆಲ್ಲವೂ ಸರಾಸರಿಯಲ್ಲಿ ನಡು ಬೂದುಬಣ್ಣದ್ದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಕೋಣಗಳಿದ್ದರೆ ಅದು ಬೆಳಕು ಸಾಲದೆಂದು ತಿಳಿದು ಶಟರ್ ಅನ್ನು ನಿಧಾನಗೊಳಿಸುತ್ತದೆ. ಹೀಗಾಗಿ ಒಂದೇ ಏಟಿಗೆ ಎರಡು ನಷ್ಟ: ಎಣ್ಣೆ ಸವರಿದಂತೆ ಮಿರುಗುವ ಕಪ್ಪು ಮೈ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ಅಲುಗುವಿಕೆಯೂ ಹೆಚ್ಚುತ್ತದೆ. ಪಿ ಮೋಡ್‌ನಲ್ಲಿ ಪ್ಲಸ್ ಮೈನಸ್ ಗುರುತಿರುವ ಎಕ್ಸ್‌ಪೋಶರ್ ಹೊಂದಾಣಿಕೆಯನ್ನು ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಡಿ. ಮೈನಸ್ 1 ಎಂದರೆ ಬೆಳಕು ಅರ್ಧಕ್ಕರ್ಧ. ರಂಧ್ರದ ಅಳತೆ ಬದಲಾಗದಿದ್ದರೆ 1/250 ಇದ್ದ ಶಟರ್ 1/500 ಆಗುತ್ತದೆ. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಐಎಸ್‌ಒ ಆಟೊ ಇದ್ದರೆ ಕ್ಯಾಮೆರಾ ಶಟರ್ ಬದಲು ಅದನ್ನೇ ಇಳಿಸಿಬಿಡಬಹುದಾದ್ದರಿಂದ, ಐಎಸ್‌ಒ ಅನ್ನು ಮೊದಲು ನಿಗದಿಪಡಿಸಿ.

ಬರ್ಸ್ಟ್ ಸೌಲಭ್ಯದ ಬಗ್ಗೆ ನೀವು ಪ್ರಸ್ತಾಪಿಸಿದ್ದಿರಿ. ಬಹಳ ಜನ ಅದನ್ನೇ ಪರಿಹಾರವೆಂದು ಸೂಚಿಸುತ್ತಾರೆ, ನಾನು ಸೂಚಿಸುವುದಿಲ್ಲ. ಸೆಕೆಂಡಿಗೆ ಮೂರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕೋಣಗಳು ಮೂರೂವರೆ ಮೀಟರ್ ಓಡಿರುತ್ತವೆ. ನಿಮಗೆ ಬೇಕಾದ ಕ್ಷಣ ಆ ನಡುವಿನಲ್ಲೇ ಕಳೆದುಹೋಗುವ ಸಂಭವ ಹೆಚ್ಚು. ಕೆಲವು ಚಿತ್ರಗಳಾದ ಮೇಲೆ ಕ್ಯಾಮೆರಾ ಅವನ್ನು ಕಾರ್ಡಿಗೆ ಬರೆದುಕೊಳ್ಳಲು ನಿಂತುಬಿಡುತ್ತದೆ, ಆಗ ಪಕ್ಕದ ಕರೆಯ ಜೋಡಿ ಬಂದರೂ ಏನೂ ಮಾಡಲಾಗುವುದಿಲ್ಲ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಎಂಟು ಹತ್ತು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆಗೆಯುವಂಥದ್ದಾದರೆ ಮಾತ್ರ ಅದನ್ನು ಬಳಸಿ. ಆಗಲೂ ಅರ್ಧ ಒತ್ತಿ ಸಿದ್ಧವಾಗಿರುವ ಕ್ರಮವನ್ನು ಬಿಡಬೇಡಿ, ಏಕೆಂದರೆ ಇಂಥ ಅನೇಕ ಕ್ಯಾಮೆರಾಗಳಲ್ಲಿ ಮೊದಲ ಚಿತ್ರದ ಫೋಕಸ್ಸೇ ಉಳಿದ ಚಿತ್ರಗಳಿಗೂ ಮುಂದುವರಿಯುತ್ತದೆ. ತೆಗೆದ ಚಿತ್ರವನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯವನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ. ಆ ಒಂದೆರಡು ಸೆಕೆಂಡು ನಿಮಗೆ ಕರೆ ಕಾಣಿಸುವುದಿಲ್ಲ.

ರಾತ್ರಿಯ ವಿಷಯದಲ್ಲಿ ನಿರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಫ್ಲಡ್‌ಲೈಟ್ ನಮ್ಮ ಕಣ್ಣಿಗೆ ಹಗಲಿನಂತೆ ಕಂಡರೂ, ಜೂಮ್ ಮಾಡದೆ ಐಎಸ್‌ಒ 1600 ಇಟ್ಟರೆ 1/250ರ ಆಸುಪಾಸು ಸಿಕ್ಕರೆ ಅದೇ ಹೆಚ್ಚು. ಕೆಲವು ಬಗೆಯ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಶಟರ್ ವೇಗ ಹೆಚ್ಚಿಸಿದಾಗ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಬ್ಬಾಗಿ ಬರುವುದೂ ಉಂಟು. ಅದಕ್ಕೆ ಗಾಬರಿಯಾಗಬೇಡಿ, ಕ್ಯಾಮೆರಾ ಕೆಟ್ಟಿಲ್ಲ. ಫ್ಲ್ಯಾಶ್ ಅನ್ನು ಮಾತ್ರ ಖಂಡಿತವಾಗಿ ಆಫ್ ಮಾಡಿಡಿ. ಈ ಗಾತ್ರದ ಫ್ಲ್ಯಾಶ್‌ನ ಬೆಳಕು ಮೂರು ನಾಲ್ಕು ಮೀಟರ್‌ಗಿಂತ ಆಚೆಗೆ ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಓಡುತ್ತಿರುವ ಪ್ರಾಣಿಯ ಕಣ್ಣಿಗೆ ಬೆಳಕು ಹೊಡೆಯುವುದು ಸರಿಯಲ್ಲ. ಅದರ ಹಿಂದೆ ಕೆಸರಿನಲ್ಲಿ ಒಬ್ಬ ಮನುಷ್ಯನೂ ಬರಿಗಾಲಲ್ಲಿ ಓಡುತ್ತಿರುತ್ತಾನೆ.

ಮರುಪ್ರಶ್ನೆ: ಬಯಲುಸೀಮೆಯವಳು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ತಾಳ್ಮೆಯಿಂದ ಉತ್ತರಿಸುವಿರೆಂದು ನಿರೀಕ್ಷಿಸಿರಲಿಲ್ಲ. ಕಾರ್ಕಳದ ಅಣ್ಣ ಹೇಳಿದಂತೆ ಮುಂದಿನ ಕಂಬಳಕ್ಕೆ ಹಗಲಿನಲ್ಲೇ ಹೋಗಿ ಕನೆಹಲಗೆಗೆ ಕಾಯುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಪತ್ರಿಕೆಗಳಲ್ಲಿ ಹಿನ್ನೆಲೆಯೆಲ್ಲ ಗೆರೆಗೆರೆಯಾಗಿ ಓಡಿ, ಕೋಣಗಳು ಮಾತ್ರ ಸ್ಪಷ್ಟವಾಗಿರುವ ಚಿತ್ರಗಳನ್ನು ನೋಡಿದ್ದೇನೆ; ಅದು ನನ್ನ ಕ್ಯಾಮೆರಾದಲ್ಲಿ ಸಾಧ್ಯವೇ? ಇನ್ನೊಂದು, ಕರೆಯ ಪಕ್ಕದಲ್ಲಿ ನಿಂತರೆ ಕೆಸರು ನೀರು ಸಿಡಿಯುತ್ತದೆ. ಕ್ಯಾಮೆರಾವನ್ನು ಹೇಗೆ ಕಾಪಾಡಿಕೊಳ್ಳಲಿ?

ಉತ್ತರ: ಹಳೇ ಕ್ಯಾಮೆರಾ

ಸಾಧ್ಯವಿದೆ, ಅದನ್ನು ಪ್ಯಾನಿಂಗ್ ಎನ್ನುತ್ತಾರೆ. ಇಲ್ಲಿ ವೇಗದ ಶಟರ್ ಬೇಡ. 1/60ರ ಆಸುಪಾಸು ಸಾಕು. ಮೋಡ ಕವಿದ ಹೊತ್ತಿನಲ್ಲೋ ಸಂಜೆಯೋ ಐಎಸ್‌ಒ ಅನ್ನು ಅತಿ ಕಡಿಮೆಗೆ ಇಳಿಸಿದರೆ ಅದು ತಾನಾಗಿ ಸಿಗುತ್ತದೆ. ಕರೆಗೆ ನೇರ ಅಡ್ಡಲಾಗಿ ನಿಂತು, ಪಾದಗಳನ್ನು ಕೋಣಗಳು ಹಾಯುವ ಜಾಗದ ಕಡೆಗೆ ಊರಿ, ಸೊಂಟದಿಂದ ಮೇಲಿನ ದೇಹವನ್ನು ಮಾತ್ರ ಅವು ಬರುವ ದಿಕ್ಕಿಗೆ ತಿರುಗಿಸಿ. ಮೊಣಕೈಗಳು ಪಕ್ಕೆಗೆ ಅಂಟಿರಲಿ. ಓಟಗಾರನ ತಲೆಯನ್ನು ಚೌಕಟ್ಟಿನ ಒಂದೇ ಜಾಗದಲ್ಲಿ ಇಟ್ಟುಕೊಂಡು ಅವರ ವೇಗಕ್ಕೆ ಸರಿಯಾಗಿ ತಿರುಗುತ್ತ, ಎದುರಿಗೆ ಬಂದಾಗ ಗುಂಡಿ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒತ್ತಿದ ಕೂಡಲೇ ಕೈ ನಿಂತುಬಿಡುವುದರಿಂದಲೇ ಹೆಚ್ಚಿನ ಚಿತ್ರಗಳು ಕೆಡುತ್ತವೆ. ಕಾಲುಗಳು ಮತ್ತು ನೀರು ಅಲುಗಿದಂತೆಯೇ ಬರುತ್ತವೆ. ಅದೇ ಆ ಚಿತ್ರದ ಸೊಗಸು. ಹತ್ತರಲ್ಲಿ ಒಂದು ಸರಿಬಂದರೂ ಆ ದಿನ ಸಾರ್ಥಕವೆಂದು ಭಾವಿಸಬಹುದು.

ಅಭ್ಯಾಸಕ್ಕೆ ಕಂಬಳದವರೆಗೆ ಕಾಯಬೇಕಿಲ್ಲ. ಸೆಕೆಂಡಿಗೆ ಹತ್ತೂವರೆ ಮೀಟರ್ ಎಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್. ಮೂಡುಬಿದಿರೆಯ ರಸ್ತೆಯಲ್ಲಿ ಹೋಗುವ ಆಟೋರಿಕ್ಷಾದ ವೇಗವೂ ಹೆಚ್ಚುಕಡಿಮೆ ಅಷ್ಟೇ. ರಸ್ತೆಯಿಂದ 15 ಮೀಟರ್ ದೂರದ ಒಂದು ಕಟ್ಟೆಯ ಮೇಲೆ ಕುಳಿತು, ವಿದ್ಯುತ್ ಕಂಬವೊಂದನ್ನು ಗುರುತಾಗಿಟ್ಟುಕೊಂಡು, ಆಟೋದ ಮುಂದಿನ ಗಾಲಿ ಸರಿಯಾಗಿ ಕಂಬದೆದುರಿಗೆ ಬರುವಂತೆ ಚಿತ್ರ ತೆಗೆಯಲು ಪ್ರಯತ್ನಿಸಿ. ಗಾಲಿ ಯಾವಾಗಲೂ ಕಂಬವನ್ನು ದಾಟಿ ಒಂದು ಮೀಟರ್ ಮುಂದಿದ್ದರೆ, ನಿಮ್ಮ ಬೆರಳು ಮತ್ತು ಕ್ಯಾಮೆರಾ ಸೇರಿ ಸುಮಾರು ಹತ್ತರಲ್ಲಿ ಒಂದು ಸೆಕೆಂಡ್ ತಡಮಾಡುತ್ತಿವೆ ಎಂದು ತಿಳಿಯುತ್ತದೆ. ಅಷ್ಟು ಮುಂಚಿತವಾಗಿ ಒತ್ತುವುದನ್ನು ರೂಢಿಸಿಕೊಳ್ಳಿ.

ಉತ್ತರ: ಕಾರ್ಕಳದವ

ಕೆಸರಿನ ಬಗ್ಗೆ ಹೇಳುತ್ತೇನೆ. ಇಂಥ ಕ್ಯಾಮೆರಾಗಳಲ್ಲಿ ಅಪಾಯವಿರುವುದು ಮುಂದಕ್ಕೆ ಚಾಚುವ ಲೆನ್ಸ್‌ನ ಕೊಳವೆಗೆ. ಅದರ ಮೇಲೆ ನೀರಿನ ಹನಿ ಬಿದ್ದಿರುವಾಗ ಜೂಮ್ ಮಾಡಿದರೆ ಅಥವಾ ಕ್ಯಾಮೆರಾ ಆರಿಸಿದರೆ, ಕೊಳವೆ ಒಳಗೆ ಹೋಗುವಾಗ ನೀರನ್ನೂ ಮಣ್ಣಿನ ಕಣಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಒಂದು ಕಣ ಸಿಕ್ಕಿಕೊಂಡರೂ ಲೆನ್ಸ್ ಅರ್ಧಕ್ಕೇ ನಿಂತುಬಿಡಬಹುದು. ಆದ್ದರಿಂದ ಹನಿ ಬಿದ್ದ ಕೂಡಲೇ ಏನನ್ನೂ ಒತ್ತದೆ, ಒಣಗಿದ ಹತ್ತಿ ಬಟ್ಟೆಯಿಂದ ಕೊಳವೆಯ ಸುತ್ತಲಿನ ನೀರನ್ನು ಮೆಲ್ಲಗೆ ಹೀರಿಸಿ ತೆಗೆಯಿರಿ. ಗಾಜನ್ನು ಅದೇ ಬಟ್ಟೆಯಿಂದ ಉಜ್ಜಬೇಡಿ, ಕನ್ನಡಕ ಒರೆಸುವ ಮೆದು ಬಟ್ಟೆ ಬೇರೆ ಇಟ್ಟುಕೊಳ್ಳಿ. ಕ್ಯಾಮೆರಾ ತಾನಾಗಿ ಆರಿಹೋಗುವ ಅವಧಿಯನ್ನೂ ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಿ, ಇಲ್ಲವಾದರೆ ನೀವು ಕಾಯುತ್ತಿರುವಾಗಲೇ ಒದ್ದೆ ಕೊಳವೆ ಒಳಗೆ ಹೋದೀತು. ಪಾರದರ್ಶಕ ಪ್ಲಾಸ್ಟಿಕ್ ಚೀಲದ ಮೂಲೆಯಲ್ಲಿ ಲೆನ್ಸ್‌ನಷ್ಟು ತೂತು ಮಾಡಿ, ರಬ್ಬರ್ ಬ್ಯಾಂಡನ್ನು ಕೊಳವೆಯ ಚಲಿಸದ ಬುಡಕ್ಕೆ ಹಾಕಿದರೆ ಉಳಿದ ಭಾಗಕ್ಕೆ ರಕ್ಷಣೆ ಸಿಗುತ್ತದೆ. ಹೆಚ್ಚುವರಿ ಬ್ಯಾಟರಿ ಒಂದಿದ್ದರೆ ತನ್ನಿ. ಲೆನ್ಸ್ ಹೊರಗಿಟ್ಟುಕೊಂಡು, ಪರದೆ ಉರಿಯುತ್ತ ಕಾಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ, ಮತ್ತು ಕನೆಹಲಗೆಯ ಜೋಡಿಗಳು ಯಾವ ಹೊತ್ತಿಗೆ ಕರೆಗೆ ಇಳಿಯುತ್ತವೆ ಎಂಬುದನ್ನು ಅಲ್ಲಿಯ ಮೈಕಿನಲ್ಲಿ ಕೂಗುವವರೆಗೆ ಖಚಿತವಾಗಿ ಹೇಳಲಾಗದು.